ಕೆರೆಗೂ ಒಂದು ಓಟು

ಬಸವಾಪಟ್ಟಣ ಇಂದು ಚನ್ನಗಿರಿ ತಾಲೂಕಿನ ಒಂದು ಹೋಬಳಿ ಕೇಂದ್ರ. ಒಂದು ಕಾಲಕ್ಕೆ ಅದು ಪಾಳೆಯಗಾರರ ರಾಜಧಾನಿಯಾಗಿತ್ತು. ಅನಂತರ ಬಿಜಾಪುರದ ಸುಲ್ತಾನರ ಕೈಸೇರಿತು. 1687ರಲ್ಲಿ ಮೊಗಲರು ಶಿರಾ ಸುಬಾವನ್ನು ರಚಿಸಿದಾಗ ಅದರ ಏಳು ಪರಗಣಗಳಲ್ಲಿ ಬಸವಾಪಟ್ಟಣವೂ ಒಂದಾಯಿತು. ದೊರೆಗಳು ಬದಲಾದರು, ಬಾವುಟಗಳು ಬದಲಾದವು. ಆದರೆ ಈ ಸೀಮೆಯ ಅನ್ನ ಮಾತ್ರ ಕೆರೆಯ ಏರಿಯ ಕೆಳಗೇ ಬೆಳೆಯುತ್ತಿತ್ತು.

ಇದಕ್ಕೆ ದೊಡ್ಡ ಸಾಕ್ಷಿ ಇದೇ ತಾಲೂಕಿನ ಸೂಳೆಕೆರೆ. ಎರಡು ಗುಡ್ಡಗಳ ನಡುವಿನ ಕಣಿವೆಗೆ ಏರಿ ಹಾಕಿ ಹರಿದ್ರಾ ಹೊಳೆಯನ್ನು ತಡೆದು ನಿಲ್ಲಿಸಿದ ಕೆರೆ ಇದು. ಕಟ್ಟಿಸಿದವಳು ರಾಜಕುಮಾರಿ ಶಾಂತವ್ವೆ ಎನ್ನುತ್ತದೆ ಜನರ ಕಥೆ. ಶಾಂತಿಸಾಗರವೆಂದೂ ಅದನ್ನು ಕರೆಯುತ್ತಾರೆ. ಆರು ಸಾವಿರ ಎಕರೆಗೂ ಮಿಕ್ಕಿ ಹರಡಿದ ಈ ಕೆರೆ ದೂರದ ಚಿತ್ರದುರ್ಗದ ಬಾಯಾರಿಕೆಯನ್ನೂ ತಣಿಸಿದೆ.

ನಮ್ಮ ಆಡಳಿತದ ಭಾಷೆಯನ್ನು ಗಮನಿಸಿದರೆ ಒಂದು ಸಂಗತಿ ಕಾಣುತ್ತದೆ. ತಾಲೂಕು, ಜಿಲ್ಲೆ, ಜಮಾಬಂದಿ, ಅರ್ಜಿ ಇವೆಲ್ಲ ಅರಬಿ ಫಾರಸಿಯ ಕಡೆಯಿಂದ ಬಂದು ಕನ್ನಡವೇ ಆಗಿಹೋದ ಮಾತುಗಳು. ಏರಿ, ತೂಬು, ಕೋಡಿ, ಅಚ್ಚುಕಟ್ಟು, ನೀರುಗಂಟಿ ಇವು ಮಣ್ಣಿನೊಳಗಿಂದಲೇ ಎದ್ದವು. ಕಂದಾಯ ಕೇಳುವವರು ಹೊರಗಿನಿಂದ ಬಂದರೂ ತೂಬು ಎತ್ತುವವನು ಊರಿನವನೇ ಆಗಿದ್ದ. ಹಾಗೆಂದು ಹಳೆಯ ಕಾಲವೆಲ್ಲ ಚಿನ್ನವಾಗಿತ್ತೆಂದು ನಾವು ಹೇಳುತ್ತಿಲ್ಲ. ಕೆರೆಯ ನೀರಿನಲ್ಲೂ ಜಾತಿಯ ಮೇಲುಕೀಳು ಇತ್ತು. ಕೆರೆಯನ್ನು ಕಾಯುವವನು ಯಾರು ಎಂಬುದು ಮಾತ್ರ ಊರಿಗೆಲ್ಲ ಗೊತ್ತಿತ್ತು.

ಇಂಗ್ಲಿಷರ ಆಡಳಿತದಲ್ಲಿ ಕೆರೆಗಳು ಇಲಾಖೆಯ ಕಡತ ಸೇರಿದವು. ಮೈಸೂರು ಸೀಮೆಯಲ್ಲಿ ಹೊಸ ಕೆರೆ ಕಟ್ಟಲು ಜಾಗ ಹುಡುಕುವುದೇ ಕಷ್ಟ ಎಂಬಷ್ಟು ಕೆರೆಗಳಿವೆ ಎಂದು ಎಂಜಿನಿಯರ್ ಸ್ಯಾಂಕಿ ಬೆರಗುಪಟ್ಟಿದ್ದರು. ಅಷ್ಟೊಂದು ಕೆರೆಗಳನ್ನು ಕಚೇರಿಯಲ್ಲಿ ಕುಳಿತು ಕಾಯಲಾಗದು ಎಂಬ ಅರಿವು ಸರಕಾರಕ್ಕೆ ಬರಲು ತಡವಾಯಿತು. 1911ರಲ್ಲಿ ಮೈಸೂರು ಸಂಸ್ಥಾನ ಕೆರೆ ಪಂಚಾಯತ್‌ಗಳಿಗಾಗಿ ಕಾನೂನನ್ನೇ ತಂದಿತು. ಆದರೆ ಕೆರೆ ಸರಕಾರದ್ದು ಎಂಬ ಭಾವನೆ ಅಷ್ಟರಲ್ಲಿ ಜನರಲ್ಲಿ ಬೇರೂರಿತ್ತು.

ನೀರು ಮತ್ತು ಪಂಚಾಯತ್ ಎರಡನ್ನೂ ಒಂದೇ ಹೆಗಲಿನಲ್ಲಿ ಹೊತ್ತವರು ಅಬ್ದುಲ್ ನಜೀರ್ ಸಾಬ್. ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅವರು ಬರದ ಹಳ್ಳಿಗಳಿಗೆ ಕೊಳವೆಬಾವಿ ಕೊರೆಸಿ 'ನೀರ್ ಸಾಬ್' ಎನಿಸಿಕೊಂಡರು. ಅವರೇ ಮುಂದೆ ನಿಂತು ರೂಪಿಸಿದ 1983ರ ಕಾಯ್ದೆಯಡಿ 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು ಹಾಗೂ ಮಂಡಲ ಪಂಚಾಯತ್‌ಗಳಿಗೆ ಚುನಾವಣೆ ನಡೆಯಿತು. ಕಾಲುಭಾಗ ಸ್ಥಾನಗಳು ಮಹಿಳೆಯರಿಗೆ ಮೀಸಲಾದವು. ಆಗ ಶಿವಮೊಗ್ಗ ಜಿಲ್ಲೆಗೆ ಸೇರಿದ್ದ ಬಸವಾಪಟ್ಟಣ ಸೀಮೆಯೂ ಹೊಸ ಪಂಚಾಯತ್‌ಗಳಿಗೆ ಮತ ಹಾಕಿತು. 1988ರ ಅಕ್ಟೋಬರ್ 24ರಂದು ನಜೀರ್ ಸಾಬ್ ತೀರಿಕೊಂಡರು.

ಅವರು ಬಿಟ್ಟುಹೋದದ್ದು ಎರಡು: ಕೊಳವೆಬಾವಿ ಮತ್ತು ಅಧಿಕಾರ. ನಾವು ಮೊದಲನೆಯದನ್ನು ಕುಡಿಯುವ ನೀರಿನಿಂದ ತೋಟದವರೆಗೆ ಎಳೆದುಕೊಂಡು ಹೋದೆವು. ಎರಡನೆಯದನ್ನು ಗುತ್ತಿಗೆದಾರರಿಗೆ ಒಪ್ಪಿಸಿದೆವು. ಚನ್ನಗಿರಿ ಅಡಿಕೆಯಿಂದ ಹೆಸರಾಯಿತು, ಅನೇಕ ಮನೆಗಳಿಗೆ ದುಡ್ಡು ಬಂತು. ಅದನ್ನು ತಪ್ಪೆನ್ನುವವರು ಯಾರು? ಆದರೆ ಕೆರೆಯಲ್ಲಿ ನೀರು ನಿಂತರೆ ತಾನೆ ಕೊಳವೆಬಾವಿಗೂ ಜೀವ! ಕೆರೆಯಂಗಳವನ್ನು ಒತ್ತಿ ತೋಟ ಮಾಡಿ ಅದೇ ತೋಟಕ್ಕೆ ಇನ್ನಷ್ಟು ಆಳ ಕೊರೆಯುವುದು, ಕುಳಿತ ಕೊಂಬೆಯನ್ನೇ ಕಡಿದಂತೆ.

ಪರಿಸರದ ಹೆಸರಿನಲ್ಲಿ ಮತ ಕೇಳಿದವರು ನಮ್ಮಲ್ಲಿ ಇಲ್ಲದಿಲ್ಲ. 1989ರ ಲೋಕಸಭಾ ಚುನಾವಣೆಯಲ್ಲಿ ಶಿವರಾಮ ಕಾರಂತರು ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಉತ್ತರ ಕನ್ನಡದಿಂದ ನಿಂತರು, ಸೋತರು. ಅದೇ ವರ್ಷ ಮಹಾರಾಷ್ಟ್ರದ ಅಹಮದ್‌ನಗರ ಜಿಲ್ಲೆಯ ಹಿವರೆ ಬಜಾರ್ ಎಂಬ ಬರಪೀಡಿತ ಹಳ್ಳಿ, ಪೋಪಟರಾವ್ ಪವಾರ್ ಎಂಬ ಓದಿದ ಯುವಕನನ್ನು ಸರಪಂಚನನ್ನಾಗಿ ಆರಿಸಿತು. ಆ ಊರು ಬೇಸಾಯಕ್ಕೆ ಕೊಳವೆಬಾವಿ ಬೇಡವೆಂದಿತು. ಕಬ್ಬು ಬಾಳೆ ಬಿಟ್ಟಿತು. ಮರ ಕಡಿಯುವುದನ್ನು ನಿಲ್ಲಿಸಿ ಗುಡ್ಡಕ್ಕೆ ಬದು ಹಾಕಿತು. ಮಳೆ ನೋಡಿ ನೀರಿನ ಲೆಕ್ಕ ಬರೆದು, ಲೆಕ್ಕ ನೋಡಿ ಬೆಳೆ ಇಟ್ಟಿತು. ಗುಳೆ ಹೋದವರು ಮರಳಿ ಬಂದರು. 2020ರಲ್ಲಿ ಪವಾರರಿಗೆ ಪದ್ಮಶ್ರೀ ಬಂತು. ದೊಡ್ಡ ಚುನಾವಣೆಯಲ್ಲಿ ಗೆಲ್ಲದ ಮಾತು ಸಣ್ಣ ಚುನಾವಣೆಯಲ್ಲಿ ಗೆದ್ದಿತು.

ಕೇರಳದ ಪೆರುಮಾಟ್ಟಿ ಇನ್ನೊಂದು ಉದಾಹರಣೆ. 2003ರ ಏಪ್ರಿಲ್‌ನಲ್ಲಿ ಆ ಗ್ರಾಮ ಪಂಚಾಯತ್ ಪ್ಲಾಚಿಮಡದ ಕೋಕಾಕೋಲಾ ಕಾರ್ಖಾನೆಯ ಪರವಾನಗಿ ನವೀಕರಿಸಲು ಒಪ್ಪಲಿಲ್ಲ. ನ್ಯಾಯಾಲಯದಲ್ಲಿ ತೀರ್ಪುಗಳು ಅತ್ತ ಇತ್ತ ಹೊಯ್ದಾಡಿದವು. ಆದರೆ 2004ರಲ್ಲಿ ನಿಂತ ಕಾರ್ಖಾನೆ ಮತ್ತೆ ತೆರೆಯಲಿಲ್ಲ. ಪಂಚಾಯತ್ ಸದಸ್ಯರಿಗೆ ಬೀದಿದೀಪ, ಚರಂಡಿಯಷ್ಟೇ ಕೆಲಸ ಎನ್ನುವವರು ಇದನ್ನು ನೆನೆಯಬೇಕು. ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ ಪಂಚಾಯತ್‌ಗಳಿಗೆಂದು ಪಟ್ಟಿ ಮಾಡಿದ 29 ವಿಷಯಗಳಲ್ಲಿ ಸಣ್ಣ ನೀರಾವರಿ, ಸಾಮಾಜಿಕ ಅರಣ್ಯ, ಕುಡಿಯುವ ನೀರು, ಮೇವು ಎಲ್ಲವೂ ಇವೆ.

ಕರ್ನಾಟಕದ ಗ್ರಾಮ ಪಂಚಾಯತ್‌ನಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಪಕ್ಷದ ಚಿಹ್ನೆಯಿಲ್ಲ. ಹತ್ತಿಪ್ಪತ್ತು ಮನೆಗಳು ಮನಸ್ಸು ಮಾಡಿದರೆ ಫಲಿತಾಂಶ ತಿರುಗುತ್ತದೆ. ಕೆರೆಯ ಪರವಾಗಿ ನಿಲ್ಲುವವನಿಗೆ ಇದಕ್ಕಿಂತ ಸುಲಭದ ಕಣವಿಲ್ಲ. ಇದಕ್ಕಿಂತ ಕಷ್ಟದ ಕಣವೂ ಇಲ್ಲ. ಏಕೆಂದರೆ ಕೆರೆ ಒತ್ತಿದವನು ನಮ್ಮ ನೆರೆಯವನು, ನೆಂಟ, ನಮ್ಮ ಮಸೀದಿಯ ಸಾಲಿನಲ್ಲಿ ನಿಲ್ಲುವವನು, ನಮ್ಮ ಜಾತ್ರೆಯ ತೇರು ಎಳೆಯುವವನು. ಅವನ ಮನೆಯ ಆರು ಓಟು ಬೇಕೆಂಬ ಅಭ್ಯರ್ಥಿ ಒತ್ತುವರಿಯ ಮಾತೆತ್ತುವುದಿಲ್ಲ. ಮರಳು ಸಾಗಿಸುವವನ ದುಡ್ಡಿನಲ್ಲಿ ನಿಂತವನು ಹೊಳೆಯ ಮಾತೆತ್ತುವುದಿಲ್ಲ. 2020ರ ಡಿಸೆಂಬರ್ ಚುನಾವಣೆಯಲ್ಲಿ ಕೆಲವು ಊರುಗಳು ಸದಸ್ಯ ಸ್ಥಾನವನ್ನೇ ಹರಾಜು ಹಾಕಿದ ಸುದ್ದಿಯನ್ನು ನಾವು ಓದಿದ್ದೇವೆ. ಸ್ಥಾನ ಕೊಂಡವನು ಹಾಕಿದ ದುಡ್ಡನ್ನು ಎಲ್ಲಿಂದ ತೆಗೆಯುತ್ತಾನೆ? ಕೆರೆ, ಗೋಮಾಳ, ಗುಡ್ಡಗಳಿಂದಲೇ ಅಲ್ಲವೇ?

ಆದ್ದರಿಂದ ಮತ ಕೇಳಲು ಬಂದವರನ್ನು ನಮ್ಮವನೋ ಪರರವನೋ ಎಂದು ನೋಡುವುದು ಸಾಕು. ಊರಿನ ಕೆರೆಗೆ ಎಷ್ಟು ಎಕರೆ ಅಂಗಳವಿದೆ, ಈಗ ಎಷ್ಟು ಉಳಿದಿದೆ, ಅಳತೆ ಮಾಡಿಸುತ್ತೀರಾ ಎಂದು ಕೇಳೋಣ. ಪೋಷಕ ಕಾಲುವೆ ಎಲ್ಲಿ ಮುಚ್ಚಿದೆ ಎಂದು ಕೇಳೋಣ. ಗ್ರಾಮಸಭೆಯನ್ನು ನಿಜವಾಗಿ ಕರೆಯುತ್ತೀರಾ, ಕಾಗದದಲ್ಲಿ ಕರೆಯುತ್ತೀರಾ ಎಂದೂ ಕೇಳೋಣ. ಹಾಗೆ ಕೇಳುವ ಮೊದಲು ನಮ್ಮ ಹೊಲದ ಬದು ಕೆರೆಯೊಳಗೆ ಎಷ್ಟು ಇಳಿದಿದೆ ಎಂದು ನಾವೇ ನೋಡಿಕೊಳ್ಳುವುದೂ ಅಗತ್ಯ.

ಜಮಾಬಂದಿ ಎಂದರೆ ಹಿಂದೆ ರೈತ ಸರಕಾರಕ್ಕೆ ಒಪ್ಪಿಸುವ ಲೆಕ್ಕ. ಇಂದು ಪಂಚಾಯತ್ ಊರ ಜನರ ಮುಂದೆ ತನ್ನ ಖರ್ಚುವೆಚ್ಚವನ್ನು ಇಡುವ ಸಭೆಗೂ ಅದೇ ಹೆಸರು. ಲೆಕ್ಕ ಕೇಳುವ ಸ್ಥಾನಕ್ಕೆ ಈಗ ನಾವು ಬಂದಿದ್ದೇವೆ. ರಸ್ತೆಯ ಲೆಕ್ಕದ ಜೊತೆಗೆ ನೀರಿನ ಲೆಕ್ಕವನ್ನೂ ಕೊಡಬಲ್ಲವನು ಯಾರೋ ಅವನಿಗೇ, ಅವಳಿಗೇ ನಮ್ಮ ಮತ ಸಲ್ಲಬೇಕು.