ಸದನದ ಒಂಟಿ ಸದಸ್ಯೆ: ಹೆಲೆನ್ ಸುಜ್ಮನ್ ಮತ್ತು ಪ್ರಶ್ನೋತ್ತರದ ರಾಜಕಾರಣ

ದಕ್ಷಿಣ ಆಫ್ರಿಕದ ವರ್ಣಭೇದ ಕಾಲದ ಸಂಸತ್ತಿನಲ್ಲಿ ಹೆಲೆನ್ ಸುಜ್ಮನ್ (1917–2009) 36 ವರ್ಷ ಸದಸ್ಯೆಯಾಗಿದ್ದರು. 1961ರಿಂದ 1974ರವರೆಗೆ ಅವರ ಪಕ್ಷಕ್ಕೆ ಅವರೊಬ್ಬರೇ ಸದಸ್ಯರು. ಕೆಲವು ವರ್ಷ ಇಡೀ ಸದನಕ್ಕೇ ಅವರೊಬ್ಬರೇ ಹೆಂಗಸು. ಅವರ ಧೈರ್ಯವನ್ನೂ ಹರಿತವಾದ ನಾಲಿಗೆಯನ್ನೂ ಕೊಂಡಾಡಿದವರು ಬಹಳ ಮಂದಿ. ಆದರೆ ಮತದ ಲೆಕ್ಕ ಹಿಡಿದರೆ ಅವರು ಗೆದ್ದದ್ದು ತೀರಾ ಕಡಿಮೆ. ಸದನದ ನಿಯಮಗಳನ್ನೇ ಆಯುಧ ಮಾಡಿಕೊಂಡ ಬಗೆಯಲ್ಲಿ ಅವರ ನಿಜವಾದ ಸಾಧನೆಯಿದೆ ಎಂಬುದು ಇಲ್ಲಿಯ ವಾದ.

ಲಿಥುವೇನಿಯಾದಿಂದ ವಲಸೆ ಬಂದ ಯಹೂದಿ ದಂಪತಿಗಳ ಮಗಳು ಹೆಲೆನ್ ಹುಟ್ಟಿದ್ದು ಜರ್ಮಿಸ್ಟನ್ ಎಂಬ ಗಣಿ ಪಟ್ಟಣದಲ್ಲಿ. ವಿಟ್‌ವಾಟರ್‌ಸ್ರ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಆರ್ಥಿಕ ಇತಿಹಾಸದ ಅಧ್ಯಾಪಕಿಯಾಗಿದ್ದ ಅವರು ಕರಿಯ ಕಾರ್ಮಿಕರ ವಲಸೆಯನ್ನು ಕುರಿತ ಫೇಗನ್ ಆಯೋಗಕ್ಕೆ ಸಾಕ್ಷ್ಯ ಸಿದ್ಧಪಡಿಸುವ ಕೆಲಸದಲ್ಲಿ ತೊಡಗಿದರು. ಅಂಕಿಅಂಶ ಕಲೆಹಾಕುವ ಶಿಸ್ತು ಅವರಿಗೆ ರಾಜಕಾರಣಕ್ಕೆ ಮೊದಲೇ ಇತ್ತು ಎನ್ನುವುದನ್ನು ಮರೆಯಬಾರದು. 1953ರಲ್ಲಿ ಜೊಹಾನ್ಸ್‌ಬರ್ಗ್‌ನ ಹೌಟನ್ ಕ್ಷೇತ್ರದಿಂದ ಯುನೈಟೆಡ್ ಪಾರ್ಟಿಯ ಪರವಾಗಿ ಆಯ್ಕೆಯಾದರು. ಆಫ್ರಿಕನ್ನರಿಗಾಗಿ ಇನ್ನಷ್ಟು ಭೂಮಿ ಕೊಳ್ಳುವುದನ್ನು ಆ ಪಕ್ಷ 1959ರಲ್ಲಿ ವಿರೋಧಿಸಿದಾಗ, ಉದಾರವಾದಿಗಳು ಹೊರಬಂದು ಪ್ರೊಗ್ರೆಸಿವ್ ಪಾರ್ಟಿ ಕಟ್ಟಿದರು. ಎರಡೇ ವರ್ಷಕ್ಕೆ ನಡೆದ ಚುನಾವಣೆಯಲ್ಲಿ ಸುಜ್ಮನ್ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಸೋತರು.

ವಿಚಾರಣೆಯಿಲ್ಲದೆ 90 ದಿನ ಬಂಧನದಲ್ಲಿಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟ 1963ರ ಕಾಯಿದೆಗೆ ಮುಖ್ಯ ವಿರೋಧ ಪಕ್ಷವೂ ಕೈಯೆತ್ತಿತು. ವಿರುದ್ಧವಾಗಿ ಬಿದ್ದದ್ದು ಸುಜ್ಮನ್ ಅವರ ಒಂದೇ ಮತ. 1967ರ ಭಯೋತ್ಪಾದನಾ ಕಾಯಿದೆಗೂ ಹಾಗೆಯೇ.

ಸೋಲು ಖಚಿತವಿದ್ದ ಇಂಥ ಕಡೆ ಪ್ರಶ್ನೋತ್ತರ ಉಪಯೋಗಕ್ಕೆ ಬಂತು. ಕರಿಯರ ಓಡಾಟಕ್ಕೆ ಕಡಿವಾಣ ಹಾಕಿದ ಪಾಸ್ ಕಾನೂನಿನಡಿ ಎಷ್ಟು ಜನರನ್ನು ಹಿಡಿದಿರಿ? ಬಂಧನದಲ್ಲಿ ಸತ್ತವರೆಷ್ಟು? ಒಬ್ಬ ಬಿಳಿಯ ವಿದ್ಯಾರ್ಥಿಗೆ, ಒಬ್ಬ ಕರಿಯ ವಿದ್ಯಾರ್ಥಿಗೆ ಖರ್ಚು ಮಾಡುವ ಹಣವೆಷ್ಟು? ಕೇಳಿದ್ದಕ್ಕೆ ಮಂತ್ರಿ ಉತ್ತರಿಸಬೇಕು, ಉತ್ತರ ನಡಾವಳಿಯಲ್ಲಿ ಅಚ್ಚಾಗಬೇಕು. ಸರ್ಕಾರ ನಿರ್ಬಂಧ ಹೇರಿದ್ದ ವಿರೋಧಿಗಳ ಮಾತನ್ನು ಪತ್ರಿಕೆಗಳು ಪ್ರಕಟಿಸುವಂತಿರಲಿಲ್ಲ. ಸೆರೆಮನೆಯ ಸುದ್ದಿಗೂ 1959ರ ಕಾಯಿದೆಯ ಅಡ್ಡಿಯಿತ್ತು. ಸದನದಲ್ಲಿ ಆಡಿದ್ದನ್ನು ಮಾತ್ರ ನಿರ್ಭಯವಾಗಿ ಅಚ್ಚುಹಾಕಬಹುದಿತ್ತು. ವರ್ಣಭೇದದ ವಿರುದ್ಧ ಬಳಕೆಯಾದ ಎಷ್ಟೋ ಅಂಕಿಅಂಶಗಳು ಹೀಗೆ ಸರ್ಕಾರದ ಬಾಯಿಂದಲೇ ಹೊರಬಿದ್ದವು. ಇಂಥ ಪ್ರಶ್ನೆಗಳು ವಿದೇಶದಲ್ಲಿ ದೇಶದ ಮಾನ ಕಳೆಯುತ್ತವೆ ಎಂದು ಮಂತ್ರಿಯೊಬ್ಬರು ಸಿಡುಕಿದಾಗ, ಮಾನ ಕಳೆಯುತ್ತಿರುವುದು ಪ್ರಶ್ನೆಗಳಲ್ಲ, ನಿಮ್ಮ ಉತ್ತರಗಳು ಎಂಬರ್ಥದಲ್ಲಿ ಸುಜ್ಮನ್ ತಿರುಗಿ ಹೇಳಿದ್ದು ಪ್ರಸಿದ್ಧವಾಗಿದೆ.

ಸೆರೆಮನೆ ಭೇಟಿಯೂ ಇದೇ ಪದವಿಯಿಂದ ಸಿಕ್ಕ ಅವಕಾಶ. 1967ರಲ್ಲಿ ರಾಜಕೀಯ ಕೈದಿಗಳಿದ್ದ ರಾಬೆನ್ ದ್ವೀಪಕ್ಕೆ ಹೋದಾಗ, ಎಲ್ಲರ ಪರವಾಗಿ ಅಲ್ಲಿ ಸೆರೆಯಲ್ಲಿದ್ದ ಮಂಡೇಲಾ ಮಾತಾಡುತ್ತಾರೆಂದು ಕೈದಿಗಳು ಸುಜ್ಮನ್ ಅವರನ್ನು ಮುಂದಕ್ಕೆ ಕಳಿಸಿದರು. ಕೈಮೇಲೆ ಸ್ವಸ್ತಿಕದ ಹಚ್ಚೆ ಹಾಕಿಸಿಕೊಂಡಿದ್ದ ಕ್ರೂರಿ ಕಾವಲುಗಾರನೊಬ್ಬನ ಬಗ್ಗೆ ಮಂಡೇಲಾ ಅಧಿಕಾರಿಗಳ ಎದುರಿಗೇ ದೂರಿದರು. ಸುಜ್ಮನ್ ಅದನ್ನು ಮಂತ್ರಿಯವರೆಗೆ ಒಯ್ದ ಮೇಲೆ ಅವನನ್ನು ದ್ವೀಪದಿಂದ ಎತ್ತಂಗಡಿ ಮಾಡಲಾಯಿತು. ಸಂಖ್ಯಾಬಲವೇ ಇಲ್ಲದ ಸದಸ್ಯೆಗೆ ಇದು ಸಣ್ಣ ಕೆಲಸವೇನಲ್ಲ.

ಇದರ ಇನ್ನೊಂದು ಮಗ್ಗುಲನ್ನು ಅಭಿಮಾನಿಗಳು ಬೇಗ ದಾಟಿಬಿಡುತ್ತಾರೆ. ಅವರನ್ನು ಆರಿಸಿ ಕಳಿಸಿದ್ದು ಸಿರಿವಂತ ಬಿಳಿಯರ ಕ್ಷೇತ್ರ. ಬಹುಜನಾಂಗೀಯ ಪಕ್ಷಗಳನ್ನು 1968ರಲ್ಲಿ ನಿಷೇಧಿಸಿದಾಗ ಲಿಬರಲ್ ಪಾರ್ಟಿ ತಾನೇ ವಿಸರ್ಜನೆಯಾಯಿತು. ಪ್ರೊಗ್ರೆಸಿವ್ ಪಾರ್ಟಿ ಬಿಳಿಯರ ಪಕ್ಷವಾಗಿ ಮುಂದುವರಿಯಿತು. ವಿದ್ಯೆ, ಆಸ್ತಿಗಳ ಅರ್ಹತೆಗೆ ಕಟ್ಟುಬಿದ್ದ ಮತದಾನದ ನೀತಿಯನ್ನು ಪ್ರೊಗ್ರೆಸಿವ್ ಪರಂಪರೆಯ ಪಕ್ಷ ಕೈಬಿಟ್ಟಿದ್ದು 1978ರಲ್ಲಿ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಪ್ರಶಸ್ತಿ ಸುಜ್ಮನ್ ಅವರಿಗೆ ಬಂದದ್ದೂ ಅದೇ ವರ್ಷ. 1980ರ ದಶಕದಲ್ಲಿ ಆರ್ಥಿಕ ದಿಗ್ಬಂಧನ ಕರಿಯ ಕಾರ್ಮಿಕರ ಹೊಟ್ಟೆಗೇ ಹೊಡೆಯುತ್ತದೆಂದು ಅವರು ವಿರೋಧಿಸಿದರು. ದಿಗ್ಬಂಧನಕ್ಕಾಗಿ ಹೋರಾಡುತ್ತಿದ್ದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್‌ಗೆ ಆ ವಾದ ಒಪ್ಪಿಗೆಯಾಗಲಿಲ್ಲ. ಸಂಸತ್ತಿನ ಒಳಗಿನ ದಾರಿಯನ್ನೇ ನೆಚ್ಚಿದ್ದವರಿಗೆ, ಆ ಸಂಸತ್ತನ್ನು ಹೊರಗಿನಿಂದ ಬಗ್ಗಿಸಬೇಕೆಂಬ ಮಾತು ಕೊನೆಗೂ ಹಿಡಿಸಲಿಲ್ಲ ಎಂದೇ ನನ್ನ ಅನಿಸಿಕೆ.