ಆಸಾಡಿಯ ಚೆನ್ನೆಮಣೆ, ಕೊಯ್ಲಿನ ಗದ್ದೆ: ಕುಂದಾಪುರ ಸೀಮೆಯ ಮಕ್ಕಳಾಟಗಳ ಚರಿತ್ರೆಗೆ ಒಂದು ಪ್ರವೇಶ

ಕರಾವಳಿಯ ಹಿರಿಯರ ಬಳಿ ಬಾಲ್ಯದ ಆಟಗಳ ಮಾತು ತೆಗೆದರೆ ಬರುವ ಉತ್ತರಗಳಲ್ಲಿ ಒಂದು ಸಮಾನ ಧಾಟಿಯಿದೆ. ಆಗ ಎಲ್ಲರೂ ಕೂಡಿ ಆಡುತ್ತಿದ್ದರು, ಖರ್ಚೇ ಇರಲಿಲ್ಲ, ದೂರದರ್ಶನ ಬಂದು ಎಲ್ಲವನ್ನೂ ಕೆಡಿಸಿತು, ಉಳಿದದ್ದನ್ನು ಮೊಬೈಲು ಮುಗಿಸಿತು. ಕ್ಷೇತ್ರಕಾರ್ಯದಲ್ಲಿ ತೊಡಗಿದ ಯಾರಿಗೂ ಈ ಮಾತು ಹೊಸದಲ್ಲ. ಹಂಬಲವು ಸ್ಮೃತಿಯ ಸಹಜ ಗುಣವಾದುದರಿಂದ ಅದನ್ನು ತಳ್ಳಿಹಾಕಬೇಕಾಗಿಲ್ಲ. ಆದರೆ ಜಾನಪದ ಅಧ್ಯಯನಕ್ಕೆ ಅದು ಆಕರವಾಗಬೇಕಾದರೆ ಅದರೊಳಗೆ ಏನಿದೆ, ಏನು ಬಿಟ್ಟುಹೋಗಿದೆ ಎಂಬುದನ್ನು ಬಿಡಿಸಿ ನೋಡಲೇಬೇಕು. ಆಟವೊಂದಕ್ಕೆ ಆಡುವವರು ಎಷ್ಟು ಮುಖ್ಯವೋ ಆಡುವ ಕಾಲ, ಆಡುವ ನೆಲ ಮತ್ತು ಆಡುವ ವಸ್ತುಗಳೂ ಅಷ್ಟೇ ಮುಖ್ಯ. ಈ ಮೂರನ್ನೂ ಒದಗಿಸುತ್ತಿದ್ದುದು ಭತ್ತದ ಬೇಸಾಯ. ಕುಂದಾಪುರ ಸೀಮೆಯ ಮಕ್ಕಳಾಟಗಳ ಚರಿತ್ರೆಯನ್ನು ಆ ಬೇಸಾಯದ ಚರಿತ್ರೆಯಿಂದ ಬೇರ್ಪಡಿಸಿ ಬರೆಯಲು ಸಾಧ್ಯವಿಲ್ಲವೆಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ.

ಇಲ್ಲಿ ಕುಂದಾಪುರ ಸೀಮೆಯೆಂದರೆ ಇಂದಿನ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳು. 1997ರಲ್ಲಿ ದಕ್ಷಿಣ ಕನ್ನಡದಿಂದ ಉಡುಪಿ ಜಿಲ್ಲೆ ಬೇರ್ಪಟ್ಟಾಗ ಬೈಂದೂರು ಕುಂದಾಪುರ ತಾಲ್ಲೂಕಿನೊಳಗೂ ಬ್ರಹ್ಮಾವರ ಉಡುಪಿ ತಾಲ್ಲೂಕಿನೊಳಗೂ ಇದ್ದವು; ಪ್ರತ್ಯೇಕ ತಾಲ್ಲೂಕುಗಳಾಗಿ ಅವು ಕಾರ್ಯಾರಂಭಿಸಿದ್ದು 2018ರಲ್ಲಿ. ಆಡಳಿತದ ಗೆರೆಗಳಿಗಿಂತ ನಮಗೆ ಮುಖ್ಯವಾದುದು ಸೀತಾನದಿ. ಮಾಬುಕಳದ ಸೇತುವೆ ದಾಟಿ ಬಡಗಣಕ್ಕೆ ನಡೆದಂತೆ ತುಳು ಹಿಂದೆ ಸರಿದು ಕುಂದಾಪ್ರ ಕನ್ನಡ ಮನೆಮಾತಾಗುತ್ತದೆ. ತುಳುವರ ಆಟಿ ಇಲ್ಲಿ ಆಸಾಡಿಯಾಗುತ್ತದೆ, ಸೋಣ ಸೋಣೆಯಾಗುತ್ತದೆ. ನುಡಿ ಬದಲಾದರೂ ಚೆನ್ನೆಮಣೆ ಬದಲಾಗುವುದಿಲ್ಲ. ಆ ಕಾರಣದಿಂದ ವಿವೇಚನೆಯನ್ನು ಅಲ್ಲಿಂದಲೇ ಆರಂಭಿಸುವುದು ಉಚಿತ.

ಆಡುನುಡಿಯಲ್ಲಿ ಚೆನ್ನಿಮಣಿ ಎನ್ನಿಸಿಕೊಳ್ಳುವ ಈ ಸಾಧನವು ಸಾಮಾನ್ಯವಾಗಿ ಹಲಸಿನಂತಹ ಮರದ ಉದ್ದನೆಯ ಹಲಗೆ. ಎರಡು ಸಾಲುಗಳಲ್ಲಿ ಏಳೇಳರಂತೆ 14 ಗುಳಿಗಳು; ಗುಳಿಗೆ 4ರಂತೆ ಒಟ್ಟು 56 ಕಾಯಿಗಳು. ಮಂಜೊಟ್ಟಿಯ ಕೆಂಪು ಬೀಜ ಸಿಕ್ಕರೆ ಲೇಸು, ಇಲ್ಲವಾದರೆ ಹುಣಸೆಬೀಜ. ಒಂದು ಗುಳಿಯ ಕಾಯಿಗಳನ್ನೆತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿತ್ತುತ್ತ ಸಾಗಬೇಕು. ಕೈ ಬರಿದಾದಾಗ ಮುಂದಿನ ಗುಳಿಯನ್ನೆತ್ತಿ ಮುಂದುವರಿಯಬೇಕು. ಬರಿದಾದ ಗುಳಿ ಎದುರಾದರೆ ಅದರಾಚೆಯ ಗುಳಿಯಲ್ಲಿರುವುದು ಆಟಗಾರರ ಗಳಿಕೆ. ಇದು ಮೂಲಕ್ರಮ; ಮನೆಯಿಂದ ಮನೆಗೆ ಭೇದಗಳುಂಟು. ಸೀತೆಯ ಹೆಸರಿನಲ್ಲಿ ಒಬ್ಬರೇ ಆಡುವ ಬಗೆಯೊಂದಿದ್ದು, ಅಶೋಕವನದಲ್ಲಿ ಆಕೆ ಹೊತ್ತು ಕಳೆದದ್ದು ಹೀಗೆಯೇ ಎಂಬ ಪ್ರತೀತಿಯಿದೆ. ಒಳನಾಡಿನ ಅಳಗುಳಿಮಣೆ, ತಮಿಳರ ಪಲ್ಲಾಂಕುಳಿ, ತೆಲುಗರ ವಾಮನಗುಂಟಲು, ಸಿಂಹಳದ ಒಲಿಂದ ಕೆಳಿಯ ಇವೆಲ್ಲ ಇದರ ದಾಯಾದಿಗಳು. ಆಫ್ರಿಕ ಖಂಡದುದ್ದಕ್ಕೂ ಹಬ್ಬಿರುವ ಮಂಕಾಲ ಆಟಗಳ ಕುಟುಂಬಕ್ಕೆ ಇವನ್ನು ಸೇರಿಸಿ ವಿದ್ವಾಂಸರು ನೂರು ವರ್ಷಗಳಿಗೂ ಹಿಂದಿನಿಂದ ಚರ್ಚಿಸುತ್ತ ಬಂದಿದ್ದಾರೆ. ಮೂಲ ಎಲ್ಲಿಯದು ಎಂಬ ವಾದ ಇಲ್ಲಿ ನಮಗೆ ಅಪ್ರಸ್ತುತ. ಬಿತ್ತುವುದು, ಬೆಳೆಸುವುದು, ಕೊಯ್ಯುವುದು ಎಂಬ ಬೇಸಾಯದ ಮೂರು ಕ್ರಿಯೆಗಳೂ ಹಲಗೆಯ ಮೇಲೆ ನಡೆಯುತ್ತವೆ ಎಂಬುದಷ್ಟನ್ನು ಗಮನಿಸಿ ಮುಂದೆ ಹೋಗಬಹುದು.

ಹೆಚ್ಚು ಗಮನಾರ್ಹವಾದುದು ಈ ಆಟಕ್ಕಿರುವ ಕಾಲದ ಕಟ್ಟು. ಸಂಪ್ರದಾಯಸ್ಥ ಮನೆಗಳಲ್ಲಿ ಚೆನ್ನೆಮಣೆ ಅಟ್ಟದಿಂದ ಇಳಿಯುತ್ತಿದ್ದುದು ಆಸಾಡಿಯಲ್ಲಿ. ತಿಂಗಳು ಮುಗಿದ ಮೇಲೆ ಅದನ್ನು ಮತ್ತೆ ಅಟ್ಟಕ್ಕೇರಿಸಬೇಕು. ಅನಂತರ ಆಡಿದರೆ ಮನೆಗೆ ಒಳಿತಲ್ಲ. ಏಕೆ ಹೀಗೆ? ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಈ ಕರಾವಳಿಯಲ್ಲಿ ಆಸಾಡಿಯೆಂದರೆ ನಟ್ಟಿ ಮುಗಿದ, ಕೊಯ್ಲು ಇನ್ನೂ ದೂರವಿರುವ, ಕಣಜದ ತಳ ಕಾಣುವ ಕಾಲ. ಕಡಲಿಗೆ ದೋಣಿ ಇಳಿಯದು, ಶುಭಕಾರ್ಯಗಳಿಲ್ಲ, ಮದುವೆಯಾದ ವರ್ಷ ಮದುಮಗಳು ತವರಿಗೆ ಬಂದಿರುತ್ತಾಳೆ. ಕೆಸುವಿನ ಸೊಪ್ಪು, ಹಲಸಿನ ಬೀಜ, ಕಳಲೆಗಳೇ ಅನ್ನಕ್ಕೆ ಆಸರೆ. ಹೀಗೆ ಒಟ್ಟೊಟ್ಟಿಗೆ ಬಂದ ಬಿಡುವು ಮತ್ತು ಹಸಿವುಗಳ ನಡುವಿನ ಆಟ ಚೆನ್ನೆ. ಸೋಣೆ ಬಂತೆಂದರೆ ಹೊಸ್ತಿಲು ಪೂಜೆ, ಹಬ್ಬದ ಸಾಲು, ಕಳೆ ಕೀಳುವ ಕೆಲಸ ಇವೆಲ್ಲ ಆರಂಭವಾಗುತ್ತವೆ. ಆಗಲೂ ಮಣೆಯ ಮುಂದೆ ಕುಳಿತವರನ್ನು ಮನೆ ಸಾಕಲಾರದು. ನಿಷೇಧವು ಅಮಂಗಲದ ಭಾಷೆಯಲ್ಲಿದ್ದರೂ ಅದರ ತರ್ಕ ದುಡಿಮೆಯದು.

ಇನ್ನೊಂದು ನಿಷೇಧ ಇದಕ್ಕಿಂತ ಗಾಢವಾದುದು: ಅಕ್ಕತಂಗಿಯರು ಎದುರುಬದುರು ಕುಳಿತು ಚೆನ್ನೆ ಆಡಬಾರದು. ಸೀತಾನದಿಯ ತೆಂಕಣದಲ್ಲಿ ಇದಕ್ಕೆ ಸಿರಿ ಪಾಡ್ದನದ ಆಧಾರವಿದೆ. ಸಿರಿಯ ಮಗಳು ಸೊನ್ನೆಗೆ ಹುಟ್ಟಿದ ಅವಳಿ ಹೆಣ್ಣುಮಕ್ಕಳಾದ ಅಬ್ಬಗ ದಾರಗರು ಚೆನ್ನೆ ಆಡುತ್ತ ಜಗಳಕ್ಕೆ ಬೀಳುತ್ತಾರೆ. ಅಬ್ಬಗ ಮಣೆಯಿಂದ ತಂಗಿಯ ತಲೆಗೆ ಹೊಡೆಯುತ್ತಾಳೆ, ದಾರಗ ಸಾಯುತ್ತಾಳೆ, ಅಬ್ಬಗ ಬಾವಿಗೆ ಬೀಳುತ್ತಾಳೆ. ಗೋಪಾಲ ನಾಯ್ಕರು ಹಾಡಿದ ಪಾಠವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಮತ್ತು ಸಂಗಡಿಗರು 1990ರಲ್ಲಿ ಧ್ವನಿಮುದ್ರಿಸಿಕೊಂಡು 1998ರಲ್ಲಿ ಪ್ರಕಟಿಸಿದ ಅನಂತರ ಈ ಪ್ರಸಂಗ ಲೋಕದ ವಿದ್ವಾಂಸರಿಗೆಲ್ಲ ಪರಿಚಿತವಾಯಿತು. ಪಾಡ್ದನದ ನುಡಿ ತಿಳಿಯದ ಬಡಗಣದ ಮನೆಗಳಲ್ಲಿಯೂ ಹೆಂಗಸರು ಈ ನಿಯಮವನ್ನು ಹೇಳುವುದುಂಟು, ಕಥೆಯಿಲ್ಲದೆ ಬರಿಯ ನಿಯಮವಾಗಿ. ಆಟವು ನಿರುಪದ್ರವಿ ಎಂಬ ಇಂದಿನ ಭಾವನೆ ಆ ಹೆಂಗಸರಿಗೆ ಇರಲಿಲ್ಲ. ಒಂದೇ ಮಾಡಿನ ಕೆಳಗೆ, ಹಸಿವಿನ ತಿಂಗಳಿನಲ್ಲಿ, ಗಳಿಕೆ ಮತ್ತು ಸೋಲನ್ನು ಎಣಿಸುವ ಆಟವು ಏನನ್ನು ಕೆಣಕಬಲ್ಲುದೆಂಬುದನ್ನು ಅವರು ಬಲ್ಲವರಾಗಿದ್ದರು. ಹಂಬಲದ ಮಾತುಗಳಲ್ಲಿ ಈ ಭಯ ಎಲ್ಲಿಯೂ ಸುಳಿಯುವುದಿಲ್ಲ.

ಮಳೆ ನಿಂತು ಕಾರ್ತಿ ಬೆಳೆಯ ಕೊಯ್ಲಾದ ಮೇಲೆ ಆಟವು ಜಗಲಿಯಿಂದ ಗದ್ದೆಗೆ ಇಳಿಯುತ್ತಿತ್ತು. ಲಗೋರಿ, ಕುಟ್ಟಿದೊಣ್ಣೆ, ಬುಗುರಿ, ಗೋಲಿ, ಕೊನೆಗೆ ಕ್ರಿಕೆಟ್ಟು. ತೆಂಗಿನ ಮಡಲಿನ ಬುಡವನ್ನು ಕೆತ್ತಿದ ಬ್ಯಾಟು ನಮ್ಮ ತಲೆಮಾರಿನವರಿಗೆಲ್ಲ ಗೊತ್ತು. ಇಲ್ಲಿ ವಸ್ತುವಿನ ಚರಿತ್ರೆಯನ್ನು ಸ್ವಲ್ಪ ನಿಂತು ನೋಡಬೇಕು. ಲಗೋರಿಯ ಏಳು ಬಿಲ್ಲೆಗಳು, ಕುಂಟೆಬಿಲ್ಲೆಯ ಬಿಲ್ಲೆ ಎರಡೂ ಹೆಚ್ಚಿನವರ ನೆನಪಿನಲ್ಲಿ ಒಡೆದ ಹಂಚಿನ ಚೂರುಗಳೇ. ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅನಂತರ ಕುಂದಾಪುರದ ಸುತ್ತಲಿನ ನದಿಯಂಚುಗಳಲ್ಲಿಯೂ ಅಂತಹ ಕಾರ್ಖಾನೆಗಳು ಎದ್ದವು. ಬಡವರ ಮನೆಯ ಮುಳಿಹುಲ್ಲಿನ ಮಾಡು ಹಂಚಿಗೆ ಬದಲಾಗಲು ಮುಂದೆಯೂ ಬಹಳ ಕಾಲ ಹಿಡಿಯಿತು. ಅಂದಮೇಲೆ ಅನಾದಿಕಾಲದ ಆಟವೆಂದು ನಾವು ಹೇಳಿಕೊಳ್ಳುವ ಲಗೋರಿಯ ಹಂಚಿನ ರೂಪಕ್ಕೆ ನೂರೈವತ್ತು ವರ್ಷಗಳಿಗಿಂತ ಹೆಚ್ಚು ವಯಸ್ಸಿರಲಾರದು. ಅದಕ್ಕೂ ಮುನ್ನ ಚಪ್ಪಟೆ ಕಲ್ಲಿರಬಹುದು, ಮರದ ತುಂಡಿರಬಹುದು. ಸೈಕಲ್ಲಿನ ಹಳೆಯ ಟಯರನ್ನು ಕೋಲಿನಿಂದ ಉರುಳಿಸಿಕೊಂಡು ಓಡುವ ಆಟವಂತೂ ಸೈಕಲ್ಲಿಗಿಂತ ಹಳೆಯದಾಗಿರಲು ಸಾಧ್ಯವೇ ಇಲ್ಲ. ಜಾನಪದವು ಹೊಸತನ್ನು ಎಷ್ಟು ಬೇಗ ಹಳೆಯದಾಗಿಸಿಕೊಳ್ಳುತ್ತದೆ ಎಂಬುದಕ್ಕೆ ಮಕ್ಕಳಾಟಗಳಿಗಿಂತ ಉತ್ತಮ ನಿದರ್ಶನ ಸಿಗದು.

ಎಲೆಯ ಆಟಿಕೆಗಳ ವಿಷಯ ಬೇರೆ. ತೆಂಗಿನ ಗರಿಯ ಗಿರಿಗಟ್ಟಿ, ಪೀಪಿ, ಕೈಗೆ ಕಟ್ಟುವ ವಾಚು, ಕನ್ನಡಕ; ಅಡಿಕೆಯ ಹಾಳೆಯ ಮೇಲೆ ಒಬ್ಬರನ್ನು ಕೂರಿಸಿ ಇನ್ನೊಬ್ಬರು ಎಳೆದೋಡುವ ಬಂಡಿ; ಗಂಗೊಳ್ಳಿ, ಮರವಂತೆಯ ಕಡೆಯ ಮಕ್ಕಳು ನೀರಿಗೆ ಬಿಡುವ ತೆಂಗಿನ ಸಿಪ್ಪೆಯ ದೋಣಿ. ಬೆಳಿಗ್ಗೆ ಮಾಡಿದ ಪೀಪಿ ಸಂಜೆಗೆ ಬಾಡುತ್ತದೆ. ವಸ್ತುಸಂಗ್ರಹಾಲಯಗಳಲ್ಲಿ ಚೆನ್ನೆಮಣೆ ಇದೆ, ಚನ್ನಪಟ್ಟಣದ ಅರಗಿನ ಬೊಂಬೆಯಿದೆ. ಓಲೆಯ ಪೀಪಿ ಇಲ್ಲ. ಉಳಿದುಬಂದ ವಸ್ತುಗಳನ್ನಷ್ಟೇ ನೋಡಿ ಬರೆದರೆ ಮರಗೆಲಸದವರಿಗೆ ಕೂಲಿ ಕೊಡಬಲ್ಲ ಮನೆಗಳ ಮಕ್ಕಳಷ್ಟೇ ಆಡಿದರೆಂಬಂತಾಗುತ್ತದೆ. ಓಲೆ, ಹಾಳೆಗಳನ್ನು ಮಡಿಸುವ ಕ್ರಮ ಈಗಿನ ಅಜ್ಜಅಜ್ಜಿಯರ ಬೆರಳುಗಳಲ್ಲಿ ಮಾತ್ರ ಇದೆ. ಚಲಚ್ಚಿತ್ರೀಕರಣದ ಸೌಲಭ್ಯ ಸುಲಭವಾಗಿರುವ ಈ ಕಾಲದಲ್ಲಿಯೂ ಅದನ್ನು ಕ್ರಮಬದ್ಧವಾಗಿ ದಾಖಲಿಸುವ ಕೆಲಸ ಸಾಕಷ್ಟು ನಡೆದಿಲ್ಲವೆನ್ನುವುದು ನನ್ನ ಅಭಿಪ್ರಾಯ.

ದುಡ್ಡು ಕೊಟ್ಟು ತರುವ ಆಟಿಕೆಗೆ ವರ್ಷಕ್ಕೊಮ್ಮೆ ದಾರಿ ತೆರೆಯುತ್ತಿದ್ದುದು ಜಾತ್ರೆ. ಕೋಟೇಶ್ವರದ ಕೋಟಿಲಿಂಗೇಶ್ವರನ ರಥೋತ್ಸವವಾದ ಕೊಡಿಹಬ್ಬದಲ್ಲಿ ಹೊಸ ಜೋಡಿಗಳು ಕಬ್ಬಿನ ಕೊಡಿ ಕೊಂಡರೆ ಮಕ್ಕಳು ಪುಗ್ಗೆ, ಪೀಪಿ, ಗಿರಿಗಟ್ಟಿಗಳ ಅಂಗಡಿಯ ಮುಂದೆ ನಿಲ್ಲುತ್ತಿದ್ದರು. ‘ಖರ್ಚೇ ಇರಲಿಲ್ಲ’ ಎಂಬ ಮಾತಿಗೆ ಈ ಅಂಗಡಿಗಳೇ ಉತ್ತರ. ಖರ್ಚು ಇತ್ತು, ಆದರೆ ವರ್ಷಕ್ಕೊಂದು ದಿನ.

ಬಡಗುತಿಟ್ಟಿನ ನಾಡಾದ ಇಲ್ಲಿ ಯಕ್ಷಗಾನವೂ ಮಕ್ಕಳಾಟವೇ. ಹಾಳೆಯ ಕಿರೀಟ, ಮಸಿಯ ಮೀಸೆ, ಡಬ್ಬದ ಚೆಂಡೆ ಇದ್ದರೆ ಅಂಗಳವೇ ರಂಗಸ್ಥಳ. ನವರಾತ್ರಿಯ ಹೂವಿನಕೋಲಿನಲ್ಲಿ ಇದೇ ಆಟ ವ್ಯವಸ್ಥೆಯ ರೂಪ ತಾಳುತ್ತದೆ. ಹೂವಿನಿಂದ ಸಿಂಗರಿಸಿದ ಕೋಲು ಹಿಡಿದ ಹುಡುಗರು ಭಾಗವತರೊಡನೆ ಮನೆಮನೆಗೆ ಹೋಗಿ, ಎದುರುಬದುರು ಕುಳಿತು ಪ್ರಸಂಗದ ಅರ್ಥ ಹೇಳಿ, ಅಕ್ಕಿ ಕಾಯಿ ಕಾಣಿಕೆ ಪಡೆದು ಬರುತ್ತಿದ್ದರು. ಅದು ಆಟವೂ ಹೌದು, ಕಲಿಕೆಯೂ ಹೌದು, ಮಳೆಗಾಲದ ಕೊನೆಯಲ್ಲಿ ಕಲಾವಿದನ ಮನೆಗೆ ಬರುವ ಸಣ್ಣ ಆದಾಯವೂ ಹೌದು. 1970ರ ದಶಕದಲ್ಲಿ ಹುಟ್ಟಿದ ಸಾಲಿಗ್ರಾಮ ಮಕ್ಕಳ ಮೇಳ ಮಕ್ಕಳ ಈ ಅಭಿರುಚಿಯನ್ನು ರಂಗದ ಮೇಲೆ ತಂದಿತು. ಉಪ್ಪಿನಕುದ್ರುವಿನ ಕಾಮತ್ ಮನೆತನದ ಸೂತ್ರದ ಗೊಂಬೆಗಳನ್ನು ಕಂಡು ಬಂದ ಮಕ್ಕಳು ಬಾಳೆಯ ಹೂವಿಗೆ ದಾರ ಕಟ್ಟಿ ಕುಣಿಸಿದ್ದನ್ನು ನೆನೆಯುವವರೂ ಇದ್ದಾರೆ.

ಇನ್ನು ‘ಎಲ್ಲರೂ ಕೂಡಿ’ ಎಂಬ ಮಾತು. ಕೊಯ್ಲಿನ ಗದ್ದೆ ಎಲ್ಲರಿಗೂ ತೆರೆದಿತ್ತೆನ್ನುವವರು ಹೆಚ್ಚಾಗಿ ಆ ಗದ್ದೆಯ ಒಡೆಯರ ಮನೆಯವರು. ಒಕ್ಕಲಿನ ಮನೆಯ ಹುಡುಗನಿಗೆ ಅದೇ ಗದ್ದೆಯಲ್ಲಿ ದನ ಕಾಯುವ ಕೆಲಸವಿತ್ತು. ಚೆಂಡು ದೂರ ಹೋದಾಗ ಹೆಕ್ಕಿ ತರುವ ಪಾಲು ಅವನದು. ಅಸ್ಪೃಶ್ಯರೆನ್ನಿಸಿಕೊಂಡವರ ಮಕ್ಕಳು ಜಗಲಿ ಹತ್ತುವಂತಿರಲಿಲ್ಲ. ಆದ್ದರಿಂದ ಆ ಮನೆಗಳ ಚೆನ್ನೆಗೆ ಅವರು ಜೊತೆಗಾರರಾಗಲಿಲ್ಲ. ನೆಲದಲ್ಲಿ ಗುಳಿ ತೋಡಿ ಆಡಿದ ಚೆನ್ನೆಗೆ ಅಟ್ಟವೂ ಇಲ್ಲ, ಕುರುಹೂ ಇಲ್ಲ. ಹೆಣ್ಣುಮಕ್ಕಳ ಬಾಲ್ಯವಂತೂ ತಮ್ಮತಂಗಿಯರನ್ನು ಸೊಂಟಕ್ಕೇರಿಸಿಕೊಂಡೇ ಕಳೆಯುತ್ತಿತ್ತು. ಕಲ್ಲಾಟ, ಕುಂಟೆಬಿಲ್ಲೆಗಳು ಅವರ ಆಟವಾದದ್ದು ಸ್ವಭಾವದಿಂದಲ್ಲ. ಮನೆಯ ಕರೆ ಕೇಳುವಷ್ಟು ಹತ್ತಿರದಲ್ಲಿ, ನಡುವೆ ನಿಲ್ಲಿಸಿ ಮತ್ತೆ ಮುಂದುವರಿಸಬಹುದಾದ ಆಟಗಳು ಅವು. ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ‘ಮರಳಿ ಮಣ್ಣಿಗೆ’ಯಲ್ಲಿ ಈ ಕಡಲಂಚಿನ ಹೆಂಗಸರ ದುಡಿಮೆಯನ್ನು ಚಿತ್ರಿಸಿದ ಬಗೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಗಂಡುಮಕ್ಕಳಲ್ಲಿ ಅನೇಕರ ಬಾಲ್ಯ ಹತ್ತು ಹನ್ನೆರಡಕ್ಕೆ ಮುಗಿಯುತ್ತಿತ್ತು. ಮುಂಬಯಿ, ಬೆಂಗಳೂರುಗಳ ಹೋಟೆಲುಗಳಿಗೆ ಲೋಟ ತೊಳೆಯಲು ಹೋದ ಹುಡುಗರು ಈ ಸೀಮೆಯ ಊರೂರಿನಲ್ಲಿಯೂ ಇದ್ದರು. ಹಗಲು ದುಡಿದು ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದವರು ಅವರೇ. ಆಟದ ಹಂಬಲ ಅವರಲ್ಲಿ ಅತ್ಯಂತ ತೀವ್ರವಾಗಿರುವುದು ಸಹಜ. ಆಟವನ್ನು ಆಡಿ ಮುಗಿಸಿದವರ ನೆನಪಿಗೂ ಆಟದ ನಡುವಿನಿಂದ ಎದ್ದು ಬಸ್ಸು ಹತ್ತಿದವರ ನೆನಪಿಗೂ ವ್ಯತ್ಯಾಸವಿದೆ. ಸಂದರ್ಶನದ ಟಿಪ್ಪಣಿಗಳಲ್ಲಿ ವಕ್ತೃ ಊರು ಬಿಟ್ಟ ವಯಸ್ಸನ್ನು ಬರೆದಿಡುವುದು ಅವಶ್ಯವೆನ್ನುವುದು ಇದಕ್ಕಾಗಿ.

ಹಾಗಾದರೆ ಈ ಆಟಗಳು ಹಿಂದೆ ಸರಿದದ್ದು ಏಕೆ? 1974ರ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿದಾರರು ಒಡೆಯರಾದರು. ಅದು ನ್ಯಾಯ, ಜೊತೆಗೆ ದೊಡ್ಡ ಮನೆಗಳ ಕೂಡುಬಾಳು ಸಡಿಲಿ ಮಳೆಗಾಲದ ಜಗಲಿಯಲ್ಲಿ ಹತ್ತು ಮಕ್ಕಳು ಸೇರುವ ಸನ್ನಿವೇಶವೂ ಕರಗಿತು. ಒಕ್ಕಲಿನ ಮಕ್ಕಳು ಶಾಲೆ ಸೇರಿದರು; ಶಾಲೆಯ ಮೈದಾನದಲ್ಲಿ ಅವರು ಮೊದಲ ಬಾರಿಗೆ ಚೆಂಡು ಹೆಕ್ಕುವವರಾಗಿರದೆ ಆಟಗಾರರಾದರು. ಪಡಿತರದ ಅಕ್ಕಿ ಬಂದು ಆಸಾಡಿಯ ಹಸಿವು ಹಿಂಗಿತು. ಈ ಬದಲಾವಣೆಗಳಲ್ಲಿ ಯಾವುದನ್ನೂ ಹಿಂತಿರುಗಿಸಬೇಕೆಂದು ಯಾರೂ ಬಯಸಲಾರರು. ಅನಂತರ ಬೇಸಾಯವೇ ನಷ್ಟದ ಬಾಬ್ತಾಗಿ ಗದ್ದೆಗಳು ಹಡಿಲು ಬಿದ್ದವು. ಹಡಿಲು ಬಿದ್ದ ಗದ್ದೆ ಬಯಲಾಗಿಯೇ ಇರುತ್ತದೆಂದು ದೂರದವರು ಭಾವಿಸಬಹುದು. ಹಾಗಲ್ಲ. ಉತ್ತು, ನೆಟ್ಟು, ಕೊಯ್ದು, ದನ ಮೇದ ಗದ್ದೆ ಮಾತ್ರ ಆಟದ ಬಯಲಾಗುತ್ತದೆ. ಹಡಿಲಿನಲ್ಲಿ ಸೊಂಟದೆತ್ತರ ಹುಲ್ಲು, ಹಾವು, ಮುಳ್ಳು. ಅಲ್ಲಿ ಲಗೋರಿಯ ಬಿಲ್ಲೆ ಜೋಡಿಸಲು ಜಾಗವಿಲ್ಲ. ದೂರದರ್ಶನ ಬಂದದ್ದು ನೆಲ ಹೀಗೆ ಕೈತಪ್ಪುತ್ತಿದ್ದ ಹೊತ್ತಿನಲ್ಲಿ; ಹೊರಗೆ ಆಡುವ ಜಾಗವಿಲ್ಲದ ಮಕ್ಕಳು ಅದರ ಮುಂದೆ ಕುಳಿತರು.

2019ರಿಂದ ಆಸಾಡಿ ಅಮಾವಾಸ್ಯೆಯಂದು ವಿಶ್ವ ಕುಂದಾಪ್ರ ಕನ್ನಡ ದಿನವನ್ನು ಆಚರಿಸಲಾಗುತ್ತಿದೆ. ಆಸಾಡಿಯ ಹೆಸರಿನ ಕೂಟಗಳಲ್ಲಿ ಚೆನ್ನೆಮಣೆ, ಲಗೋರಿ, ಕುಟ್ಟಿದೊಣ್ಣೆಗಳಿಗೆ ಸ್ಪರ್ಧೆಯ ರೂಪ ಬಂದಿದೆ; ಬಹುಮಾನವಿದೆ, ಧ್ವನಿವರ್ಧಕವಿದೆ. ತಿಂಗಳೊಂದರ ಕಟ್ಟಿನೊಳಗಿದ್ದ ಚೆನ್ನೆಮಣೆ ಕೆಲವು ಮನೆಗಳಲ್ಲಿ ವರ್ಷವಿಡೀ ಹಜಾರದ ಅಲಂಕಾರವಾಗಿದೆ. ಅಕ್ಕತಂಗಿಯರು ಅದರ ಎದುರು ಕುಳಿತು ಛಾಯಾಚಿತ್ರ ತೆಗೆಸಿಕೊಳ್ಳುತ್ತಾರೆ. ಇದನ್ನು ಅಪಚಾರವೆಂದು ಗೊಣಗುವ ಅಗತ್ಯವಿಲ್ಲ. ಹಂಚಿನ ಚೂರನ್ನು ಅಳವಡಿಸಿಕೊಂಡ ಹಾಗೆಯೇ ಆಟವು ಇದನ್ನೂ ಅಳವಡಿಸಿಕೊಳ್ಳಬಹುದು. ಕೆಸರುಗದ್ದೆಯ ಕ್ರೀಡಾಕೂಟದ ವ್ಯವಸ್ಥಾಪಕರಿಗೆ ಮಾತ್ರ ಒಂದು ಕೆಲಸ ಹೆಚ್ಚಾಗಿದೆ: ಮಳೆಗಾಲಕ್ಕೆ ಮುಂಚೆಯೇ ಊರೆಲ್ಲ ತಿರುಗಿ, ಇನ್ನೂ ಉಳುವ ಗದ್ದೆ ಯಾರ ಬಳಿಯಿದೆ ಎಂದು ವಿಚಾರಿಸಬೇಕು.