ನಲವತ್ತೊಂದಕ್ಕೆ ಎಂಬಿಬಿಎಸ್? - ಈ ಬಾಗಿಲು ಯಾವಾಗ, ಯಾರಿಗೆ ತೆರೆದಿತ್ತು

ನಮ್ಮೂರು ಬಾದನಹಟ್ಟಿ. ಕೆಲಸ ಬಳ್ಳಾರಿಯಲ್ಲಿ, ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡೋದು. ವಯಸ್ಸು 41. ಹದಿನಾರು ವರ್ಷಗಳಿಂದ ಬೇರೆಯವರ ಮಕ್ಕಳನ್ನು ಮೆಡಿಕಲ್ ಪ್ರವೇಶ ಪರೀಕ್ಷೆಗೆ ತಯಾರು ಮಾಡ್ತಾ ಬಂದವನಿಗೆ ಈಗ ತಾನೇ ಬರೆದರೆ ಹೇಗೆ ಅನ್ನೋ ಯೋಚನೆ ಹತ್ತಿಕೊಂಡಿದೆ. 2003ರಲ್ಲಿ ಸಿಇಟಿ ಬರೆದಿದ್ದೆ, ರ‍್ಯಾಂಕು ಮೆಡಿಕಲ್ ಸೀಟಿನ ತನಕ ಬರಲಿಲ್ಲ. ಬಿ.ಎಸ್ಸಿ ಮಾಡಿ ಮೇಷ್ಟ್ರಾದೆ. ಅದರ ಬಗ್ಗೆ ಕೊರಗೇನೂ ಇಲ್ಲ. ಆದರೆ ಕೊರಗಿಲ್ಲ ಅಂದ್ರೆ ಆಸೆ ಇಲ್ಲ ಅಂತ ಅರ್ಥ ಅಲ್ಲವಲ್ಲ!

ಜಾತಕ ನೋಡಿಸೋ ಅಭ್ಯಾಸ ನನಗಿಲ್ಲ. ಅದಕ್ಕೇ ಇತಿಹಾಸ ನೋಡೋಣ ಅಂತ ಕೂತೆ. ವಯಸ್ಸಾದ ಮೇಲೆ ವೈದ್ಯಕೀಯಕ್ಕೆ ಹೋದವರು ಯಾರು, ಅವರಿಗೆ ಬಾಗಿಲು ತೆರೆದಿದ್ದು ಹೇಗೆ? ಓದ್ತಾ ಹೋದ ಹಾಗೆ ಒಂದು ಸಂಗತಿ ಸ್ಪಷ್ಟವಾಯಿತು. ಅದನ್ನೇ ಇಲ್ಲಿ ಬರೀತಿದ್ದೀನಿ.

ಮೊದಲು ನಮ್ಮ ಸೀಮೆಯ ಕಥೆ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಮದ್ರಾಸಿಗೆ ಸೇರಿತ್ತು. ಮೈಸೂರು ಸಂಸ್ಥಾನದಲ್ಲಿ 1924ರಲ್ಲೇ ಮೆಡಿಕಲ್ ಕಾಲೇಜು ಶುರುವಾಗಿತ್ತು (ಮೊದಲು ಬೆಂಗಳೂರಿನಲ್ಲಿ, 1930ರಲ್ಲಿ ಮೈಸೂರಿಗೆ ಹೋಯಿತು). ಆದರೆ ಅದು ಬೇರೆ ರಾಜ್ಯ. ನಮ್ಮ ಕಡೆಯ ಹುಡುಗ ಡಾಕ್ಟರಾಗಬೇಕು ಅಂದ್ರೆ ಮದ್ರಾಸಿನ ರೈಲು ಹತ್ತಬೇಕು, ಇಲ್ಲಾ ವಿಶಾಖಪಟ್ಟಣಕ್ಕೆ ಹೋಗಬೇಕು. ಬಳ್ಳಾರಿಗೇ ಮೆಡಿಕಲ್ ಕಾಲೇಜು ಬಂದಿದ್ದು 1961ರಲ್ಲಿ. ಅದೇ ನಾವು ವಿಮ್ಸ್ ಅಂತ ಕರೆಯೋ ಕಾಲೇಜು. ಅಂದ್ರೆ ನಮ್ಮ ಅಜ್ಜಂದಿರ ಕಾಲದಲ್ಲಿ ವಯಸ್ಸಿನ ಪ್ರಶ್ನೆಗಿಂತ ಮುಂಚೆ ಹಾದಿಯ ಪ್ರಶ್ನೆ, ಕಾಸಿನ ಪ್ರಶ್ನೆ ಇತ್ತು.

ಆಗ ಎಲ್ಲಾ ಡಾಕ್ಟರೂ ಎಂಬಿಬಿಎಸ್ ಆಗಿರಲಿಲ್ಲ. ಎಲ್‌ಎಂಪಿ ಅಂತ ಇನ್ನೊಂದು ದರ್ಜೆ ಇತ್ತು. ಮೆಡಿಕಲ್ ಸ್ಕೂಲಿನಲ್ಲಿ ಓದಿ, ಪದವಿ ಇಲ್ಲದೆ ಪರವಾನಗಿ ಮಾತ್ರ ಪಡೆದವರು. ನಮ್ಮ ಹಳೇ ಕಾದಂಬರಿಗಳಲ್ಲಿ, ಹಳೇ ಬೋರ್ಡುಗಳ ಮೇಲೆ ಈ ಮೂರಕ್ಷರ ನೋಡಿರ್ತೀರಿ. ಭೋರ್ ಸಮಿತಿ 1946ರಲ್ಲಿ ವರದಿ ಕೊಟ್ಟಾಗ ಬ್ರಿಟಿಷ್ ಇಂಡಿಯಾದಲ್ಲಿ ನೋಂದಾಯಿತ ವೈದ್ಯರು ಸುಮಾರು 47,500. ಅವರಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಎರಡು ಪಾಲು ಈ ಪರವಾನಗಿ ವೈದ್ಯರೇ! ಇನ್ನು ಮುಂದೆ ಒಂದೇ ಬಗೆಯ ಡಾಕ್ಟರು ಸಾಕು, ಪದವೀಧರರು ಮಾತ್ರ ಅಂತ ಸಮಿತಿ ಹೇಳಿತು. ಮೆಡಿಕಲ್ ಸ್ಕೂಲುಗಳು ಮುಚ್ಚಿದವು, ಇಲ್ಲಾ ಕಾಲೇಜುಗಳಾದವು.

ಹಾಗಾದ್ರೆ ಆಗಲೇ ವೈದ್ಯರಾಗಿದ್ದವರ ಗತಿ? ಅವರಿಗಾಗಿ ಸಂಕ್ಷಿಪ್ತ ಎಂಬಿಬಿಎಸ್ ಕೋರ್ಸುಗಳು ಬಂದವು. ವರ್ಷಗಟ್ಟಲೆ ರೋಗಿಗಳನ್ನು ನೋಡಿದವರು, ಹೆಂಡತಿ ಮಕ್ಕಳಿದ್ದವರು, ಮತ್ತೆ ಕಾಲೇಜಿನ ಬೆಂಚಿಗೆ ಬಂದು ಕೂತರು. ನಮ್ಮ ದೇಶದಲ್ಲಿ "ದೊಡ್ಡ ವಯಸ್ಸಿನ ಮೆಡಿಕಲ್ ವಿದ್ಯಾರ್ಥಿ" ಅನ್ನೋದು ಹೊಸ ವಿಚಿತ್ರವೇನಲ್ಲ, ಒಂದು ಕಾಲಕ್ಕೆ ಸರಕಾರವೇ ಅವರನ್ನು ಕರೆದು ಕೂರಿಸಿತ್ತು ಅಂತ ಗೊತ್ತಾದಾಗ ನಿಜಕ್ಕೂ ಖುಷಿಯಾಯಿತು.

ಬೇರೆ ಕೆಲಸ ಬಿಟ್ಟು ಬಂದವರೂ ಇದ್ದಾರೆ. ಹೈಮವತಿ ಸೇನ್ ಅನ್ನೋ ಬಂಗಾಳದ ಹೆಣ್ಣುಮಗಳು, ಹುಟ್ಟಿದ್ದು 1866ರ ಸುಮಾರಿಗೆ. ಬಾಲವಿಧವೆ. ಕಾಶಿಯಲ್ಲಿ ಹುಡುಗಿಯರಿಗೆ ಪಾಠ ಹೇಳಿ ಬದುಕಿದರು (ನಮ್ಮ ಜಾತಿಯವರೇ ಅನ್ನಿ, ಮೇಷ್ಟ್ರ ಜಾತಿ!). ಮತ್ತೆ ಮದುವೆಯಾಗಿ, ಇಪ್ಪತ್ತೈದರ ಆಸುಪಾಸಿನಲ್ಲಿ ಕಲ್ಕತ್ತೆಯ ಕ್ಯಾಂಪ್‌ಬೆಲ್ ಮೆಡಿಕಲ್ ಸ್ಕೂಲು ಸೇರಿದರು. ಆ ಕಾಲದ ಹೆಂಗಸಿಗೆ ಅದು ಇವತ್ತಿನ ನಲವತ್ತೈದಕ್ಕೆ ಸಮ. ಆಮೇಲೆ ಹೂಗ್ಲಿಯ ಲೇಡಿ ಡಫರಿನ್ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದರು. ರುಖ್ಮಾಬಾಯಿ 1864ರಲ್ಲಿ ಹುಟ್ಟಿದವರು. ಒಲ್ಲದ ಬಾಲ್ಯವಿವಾಹದ ವಿರುದ್ಧ ಮುಂಬಯಿ ಕೋರ್ಟಿನಲ್ಲಿ ವರ್ಷಗಟ್ಟಲೆ ಹೋರಾಡಿ, 1889ರಲ್ಲಿ ಲಂಡನ್ನಿಗೆ ವೈದ್ಯಕೀಯ ಓದೋಕೆ ಹೋದರು. ವಾಪಸು ಬಂದು ಸೂರತ್, ರಾಜಕೋಟೆಗಳ ಹೆಂಗಸರ ಆಸ್ಪತ್ರೆಗಳಲ್ಲಿ ದುಡಿದರು. ಇನ್ನು ಆಲ್ಬರ್ಟ್ ಶ್ವೈಟ್ಜರ್ ಕಥೆ ಗೊತ್ತೇ ಇದೆ. ಧರ್ಮಶಾಸ್ತ್ರದ ಅಧ್ಯಾಪಕ, ಆರ್ಗನ್ ವಾದಕ. 1905ರಲ್ಲಿ, ಮೂವತ್ತನೇ ವಯಸ್ಸಿಗೆ ಮೆಡಿಕಲ್ ಸೇರಿ, 1913ರಲ್ಲಿ ಆಫ್ರಿಕಾದ ಲಾಂಬರೆನೆಗೆ ಹೊರಟರು.

ಇವರೆಲ್ಲರನ್ನೂ ಪಕ್ಕ ಪಕ್ಕ ಇಟ್ಟು ನೋಡಿದೆ. ಬುದ್ಧಿವಂತರು, ಛಲದವರು, ಅದೆಲ್ಲಾ ಸರಿ. ಆದರೆ ಅದಕ್ಕಿಂತ ಮುಖ್ಯವಾಗಿ, ಓದು ಮುಗಿದ ಮೇಲೆ ಏನು ಮಾಡಬೇಕು ಅನ್ನೋದು ಇವರಿಗೆ ಮಸುಕಾಗಿರಲಿಲ್ಲ. ಗಂಡು ಡಾಕ್ಟರ ಎದುರು ಬರದ ಹೆಂಗಸರು ಹೈಮವತಿ, ರುಖ್ಮಾಬಾಯಿಯವರಿಗಾಗಿ ಕಾದಿದ್ದರು. ಎಲ್‌ಎಂಪಿಗಳಿಗೆ ಊರಿನ ರೋಗಿಗಳು ಇದ್ದೇ ಇದ್ದರು. ಶ್ವೈಟ್ಜರ್ ಎಲ್ಲಿಗೆ ಹೋಗ್ತೀನಿ ಅಂತ ನಿರ್ಧರಿಸಿಯೇ ಪುಸ್ತಕ ತೆರೆದರು. ಹದಿನೆಂಟರ ಹುಡುಗ ಓದ್ತಾ ಓದ್ತಾ ದಾರಿ ಹುಡುಕಬಹುದು. ತಡವಾಗಿ ಹೊರಟವನಿಗೆ ಆ ಪುರುಸೊತ್ತು ಇಲ್ಲ.

ಈಗ ನನ್ನ ಬಾಗಿಲಿಗೆ ಬರೋಣ.

1997ರ ವೈದ್ಯಕೀಯ ಪರಿಷತ್ತಿನ ನಿಯಮದಲ್ಲಿ ಕನಿಷ್ಠ 17 ವರ್ಷ ಅಂತಿತ್ತು, ಗರಿಷ್ಠ ಮಿತಿ ಇರಲಿಲ್ಲ. 2017ರಲ್ಲಿ ಇದ್ದಕ್ಕಿದ್ದಂತೆ ನೀಟ್‌ಗೆ 25 ವರ್ಷದ ಮಿತಿ ತಂದರು, ಮೀಸಲಾತಿಯವರಿಗೆ 30. ಆ ವರ್ಷ ಸುಪ್ರೀಂ ಕೋರ್ಟ್ ತಡೆಯಿತು. 2018ರಲ್ಲಿ ಮತ್ತೆ ತಂದರು, ದಿಲ್ಲಿ ಹೈಕೋರ್ಟ್ ಮೇ ತಿಂಗಳಲ್ಲಿ ಸರಿ ಅಂತು. ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ 25 ದಾಟಿದವರೂ ತಾತ್ಕಾಲಿಕವಾಗಿ ಬರೆಯಲಿ ಅಂತು. 2020ರಲ್ಲಿ ಒಡಿಶಾದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು 64ನೇ ವಯಸ್ಸಿನಲ್ಲಿ ನೀಟ್ ಪಾಸಾಗಿ ಬುರ್ಲಾದ ಸರಕಾರಿ ಮೆಡಿಕಲ್ ಕಾಲೇಜು ಸೇರಿದರು. ಕೊನೆಗೆ 2022ರ ಮಾರ್ಚ್ 9ರಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಗರಿಷ್ಠ ಮಿತಿಯನ್ನೇ ತೆಗೆದುಹಾಕಿತು.

ಮುಂಬಾಗಿಲು ತೆರೆಯಿತು. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಇದ್ದರೆ ಸಾಕು, ನನಗಿದೆ. ಕನ್ನಡದಲ್ಲೂ ಬರೆಯಬಹುದು. ಬಳ್ಳಾರಿ 371ಜೆ ವ್ಯಾಪ್ತಿಯಲ್ಲಿ ಇರೋದರಿಂದ ವಿಮ್ಸ್‌ನಂಥ ಇಲ್ಲಿನ ಕಾಲೇಜುಗಳಲ್ಲಿ ಸ್ಥಳೀಯರಿಗೆ ಮೀಸಲೂ ಇದೆ.

ಆದರೆ ಹಿಂಬಾಗಿಲಿನಲ್ಲಿ ವಯಸ್ಸು ಹಾಗೇ ಕೂತಿದೆ! ಲೆಕ್ಕ ಹಾಕಿ ನೋಡಿ. ಮುಂದಿನ ವರ್ಷ ಸೀಟು ಸಿಕ್ಕರೆ ನನಗೆ 42. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್, 47 ದಾಟಿತು. ಸರಕಾರ ಕರೆದರೆ ಒಂದು ವರ್ಷ ಗ್ರಾಮೀಣ ಸೇವೆ, 48 ದಾಟಿತು. ಸ್ನಾತಕೋತ್ತರಕ್ಕೆ ಇನ್ನೂ ಮೂರು ವರ್ಷ ಅಂದ್ರೆ 51ರ ಮೇಲೆ. ಕಾಯಂ ಸರಕಾರಿ ನೇಮಕಾತಿಗೆ ವಯಸ್ಸಿನ ಮಿತಿ ಇರುತ್ತೆ, ಅಷ್ಟು ಹೊತ್ತಿಗೆ ನಾನು ಅದರಾಚೆ. ಅಂದ್ರೆ ನನಗೆ ಸಿಗೋದು ಬರೀ ಎಂಬಿಬಿಎಸ್, ಜೊತೆಗೆ ಅರವತ್ತರವರೆಗೆ ಹನ್ನೊಂದು ಹನ್ನೆರಡು ವರ್ಷದ ಕೆಲಸ. ಗುತ್ತಿಗೆ ಹುದ್ದೆ, ಇಲ್ಲಾ ಸ್ವಂತ ಕ್ಲಿನಿಕ್.

ಇದು ಕಮ್ಮಿನಾ? ನನಗೆ ಹಾಗನಿಸಲಿಲ್ಲ. ನಮ್ಮವ್ವನಿಗೆ ಸಕ್ಕರೆ ಕಾಯಿಲೆ, ಓಣಿಯಲ್ಲಿ ಮನೆಗೊಬ್ಬರಿಗೆ ಬಿಪಿ. ಅವರಿಗೆ ಬೇಕಿರೋದು ದೊಡ್ಡ ಸ್ಪೆಷಲಿಸ್ಟ್ ಅಲ್ಲ, ದಿನಾ ಸಿಗೋ, ತಾಳ್ಮೆಯಿಂದ ಕೇಳಿಸಿಕೊಳ್ಳೋ ಒಬ್ಬ ಡಾಕ್ಟರು. ಆ ಕೆಲಸಕ್ಕೆ ಐವತ್ತರ ತಲೆ ಇಪ್ಪತ್ತೈದರ ತಲೆಗಿಂತ ಕಡೆಯಲ್ಲ. ಕೊನೆಯಲ್ಲಿ ಕಾದಿರೋರು ಯಾರು ಅನ್ನೋ ಪ್ರಶ್ನೆಗೆ ನನ್ನಲ್ಲಿ ಉತ್ತರ ಇದೆ.

ತೊಡಕು ಬೇರೆ ಕಡೆ ಇದೆ. ಮಗಳು ಈಗ ಒಂಬತ್ತನೇ ಕ್ಲಾಸು. ಅವಳಿಗೂ ಮೆಡಿಕಲ್ಲೇ ಬೇಕಂತೆ. ನಾನು ಓದು ಮುಗಿಸೋ ಮುಂಚೆಯೇ ಅವಳ ಕಾಲೇಜು ಶುರು. ಸಂಬಳ ಒಂದೇ, ಅದೂ ಮನೆಯವಳ ಅಂಗನವಾಡಿಯ ಗೌರವಧನ. ತಂಗಿಯ ಗಂಡ ನಕ್ಕು, "ಅಪ್ಪ ಮಗಳು ಒಂದೇ ಬಸ್ಸಿನ್ಯಾಗ ಕಾಲೇಜಿಗೆ ಹೋಗ್ರಿ ಭಾವ" ಅಂದ. ಮನೆಯವಳು ನಗಲಿಲ್ಲ. "ಓದ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಹೊಲ ಮಾರಬ್ಯಾಡ್ರಿ, ಅದು ಅಕಿದು" ಅಂದಳು.

ಕಾಲುವೆ ನೀರಿನ ಎರಡೂವರೆ ಎಕರೆ ಭತ್ತದ ಹೊಲ ಅದು. ಎಲ್‌ಎಂಪಿಗಳು ಮತ್ತೆ ಓದೋಕೆ ಹೋದಾಗ ಅವರ ಮನೆಗಳಲ್ಲೂ ಇಂಥ ಮಾತು ನಡೆದಿರಲೇಬೇಕು. ವರದಿಗಳಲ್ಲಿ ಅದೆಲ್ಲಾ ಬರೋದಿಲ್ಲ.

ಅವಳ ಮಾತಿನಿಂದಲೇ ತೀರ್ಮಾನ ಸುಲಭವಾಯಿತು. ಕೆಲಸ ಬಿಡದೆ, ಒಂದೇ ಒಂದು ಸಲ ನೀಟ್ ಬರೀತೀನಿ. ವಿಮ್ಸ್‌ನಲ್ಲಿ ಸರಕಾರಿ ಸೀಟು ಸಿಕ್ಕರೆ ಮಾತ್ರ ಸೇರೋದು. ಊರು ಬಿಡೋ ಹಾಗಿಲ್ಲ, ಸಾಲ ಮಾಡೋ ಹಾಗಿಲ್ಲ, ಸಂಜೆ ಟ್ಯೂಷನ್ ನಿಲ್ಲಿಸೋ ಹಾಗಿಲ್ಲ. ಖಾಸಗಿ ಸೀಟಿನ ಮಾತೇ ಬೇಡ. ಸಿಗದಿದ್ದರೆ ಅಲ್ಲಿಗೆ ಮುಗೀತು, ಎರಡನೇ ಸಲ ಇಲ್ಲ. ಆಮೇಲಿನ ಸರದಿ ಮಗಳದು.

180 ಪ್ರಶ್ನೆ, 720 ಅಂಕ. ಜೀವಶಾಸ್ತ್ರದ 360 ನನ್ನ ಮನೆ ಅಂಗಳ. ಭೌತಶಾಸ್ತ್ರ ಮಾತ್ರ ಇಪ್ಪತ್ತು ವರ್ಷದಿಂದ ಮಾತು ಬಿಟ್ಟ ದಾಯಾದಿ ಥರ ಆಗಿದೆ. ನಿನ್ನೆ ರಾತ್ರಿಯಿಂದ ಮಗಳ ಒಂಬತ್ತನೇ ಕ್ಲಾಸಿನ ಪುಸ್ತಕದಿಂದಲೇ ಚಲನೆಯ ಪಾಠ ಶುರು ಮಾಡಿದ್ದೀನಿ. ಲೆಕ್ಕ ತಪ್ಪಿದಲ್ಲಿ ಅವಳೇ ಕೆಂಪು ಪೆನ್ನು ಹಿಡೀತಾಳೆ.